ಉಗ್ರಪ್ಪನವರ ಹೋಮಲೋಪ

ಅರಸೀಕೆರೆಯಲ್ಲಿ ಕಂಪ್ಯೂಟರ್ ಇದ್ದವರೆಲ್ಲ ದಡ್ಡರು ಎಂಬುದು ಭೌತಶಾಸ್ತ್ರದ ಉಪನ್ಯಾಸಕ ಉಗ್ರಪ್ಪನವರ ಖಚಿತ ಅಭಿಪ್ರಾಯ. (ಕಂಪ್ಯೂಟರ್ ಇಲ್ಲದವರು ಅವರ ಅಭಿಪ್ರಾಯಕ್ಕೂ ಅರ್ಹರಲ್ಲ.) ವಿಂಡೋಸ್ ಹಾಕಿಕೊಂಡವರನ್ನು ಕಂಡರಂತೂ ಮೂಗು ಮುರಿಯುತ್ತಿದ್ದರು. "ಕಿಟಕಿ ತೆಗೆದಿಟ್ಟು ಕಳ್ಳ ಬಂದ ಅಂತ ಅಳ್ತಾರೆ!" ಎಂದು ಸ್ಟಾಫ್ ರೂಮಿನಲ್ಲಿ ಅಣಕಿಸುತ್ತಿದ್ದರು. ಅವರದು ವಿಂಡೋಸ್‌ಗೆ ಬದಲಿಯಾದ ಲಿನಕ್ಸ್. ಅದಕ್ಕೆ ವೈರಸ್ ಹತ್ತದು, ಅದು ಕೆಡದು, ಮತ್ತು ಮನೆಯಲ್ಲಿ ಬೇರೆ ಯಾರಿಗೂ ಅರ್ಥವಾಗದು. ಈ ಮೂರನೆಯ ಗುಣವೇ ಅವರಿಗೆ ಹೆಚ್ಚು ಇಷ್ಟ.

ಇಂಥ ಮಹಾನುಭಾವರ ಹಳೇ ಕಂಪ್ಯೂಟರು 2007ರ ಬೇಸಿಗೆಯಲ್ಲಿ ರಾಗಿ ಮಿಷನ್ನಿನಂತೆ ಸದ್ದು ಮಾಡತೊಡಗಿತು. ಹೊಸದು ಬಂತು. ಹೆಂಡತಿ ಶಾಂತಾದೇವಿ ಅಡುಗೆಮನೆಯಿಂದ ಓಡಿಬಂದಳು. ಆಕೆ ಆರು ತಿಂಗಳು ಕೂತು ಬರೆದ ನಾಟಕ ಹಳೆಯದರೊಳಗಿತ್ತು. ಹಾಸನದ ನಾಟಕ ಸ್ಪರ್ಧೆಗೆ ಸೋಮವಾರವೇ ಕೊನೆಯ ದಿನ. ಮದುವೆಯಾದ ಮೇಲೆ ಆಕೆ ತನಗಾಗಿ ಮಾಡಿಕೊಂಡದ್ದು ಅದೊಂದೇ.

"ರೀ, ನನ್ನ ನಾಟಕ ಮೊದ್ಲು ಒಂದು ಸೀಡಿಗೆ ಹಾಕ್ಕೊಡ್ರೀ."

"ಒಂದೊಂದೇ ಫೈಲು ಎತ್ತಿಟ್ಕೊಳ್ಳೋದು ವಿಂಡೋಸ್‌ನೋರು ಕಣೇ. ನಾನು ಇಡೀ ಸಿಸ್ಟಮ್ಮನ್ನೇ ಎತ್ತಿ ಹೊಸದ್ರಲ್ಲಿ ಕೂರಿಸ್ತೀನಿ, ನೋಡ್ತಿರು."

ಶನಿವಾರ ಬ್ಯಾಕಪ್ ಎಂಬ ಮಹಾಯಜ್ಞ ಆರಂಭವಾಯಿತು. ತಂದಿದ್ದ ಸೀಡಿಗಳು ಸಾಲುವಂತೆ ಕಾಣಲಿಲ್ಲ. ಲಿನಕ್ಸಿನಲ್ಲಿ ಮನೆಮಂದಿ ಬರೆದದ್ದು, ಕೂಡಿಟ್ಟದ್ದು ಎಲ್ಲ 'ಹೋಮ್' ಎಂಬ ಭಾಗದಲ್ಲಿರುತ್ತದೆ. ಉಗ್ರಪ್ಪನವರು ಅದೊಂದನ್ನು ಬಿಟ್ಟು ಮಿಕ್ಕಿದ್ದೆಲ್ಲ ಎತ್ತಿಕೊಂಡರು. ಹೋಮ್ ಆಮೇಲೆ ಬೇರೆ ಸೀಡಿಗೆ ಹಾಕಿದರಾಯಿತು ಎಂದುಕೊಂಡರು. (ಗಂಡಂದಿರ 'ಆಮೇಲೆ' ಯಾವಾಗ ಬರುತ್ತದೆಂದು ಗೃಹಿಣಿಯರಿಗೆ ಹೇಳಿಕೊಡಬೇಕಾಗಿಲ್ಲ.)

ಸೀಡಿಗಳನ್ನೆಲ್ಲ ಹೊಸ ಯಂತ್ರಕ್ಕೆ ಉಣಿಸಿ ಸ್ವಿಚ್ ಒತ್ತಿದರು. ಕಪ್ಪು ಪರದೆಯ ಮೇಲೆ ಅಕ್ಷರಗಳು ದಬದಬ ಇಳಿದು ನಿಂತುಬಿಟ್ಟವು. ಲಿನಕ್ಸಿನ ತಿರುಳಾದ 'ಕರ್ನಲ್' ಕೈಚೆಲ್ಲಿತ್ತು.

"ಅಯ್ಯೋ, ಕರ್ನಲ್ ಪ್ಯಾನಿಕ್!"

ಕಣಕಟ್ಟೆಯಿಂದ ಬಂದಿದ್ದ ಅವರ ತಾಯಿ ಅನುಸೂಯಮ್ಮ ಎಲೆಅಡಿಕೆ ಮೆಲ್ಲುತ್ತಿದ್ದರು. "ಪ್ಯಾನಿಕ್ಕು ಅಂದ್ರೇನ್ಲಾ?"

"ಗಾಬರಿ ಕಣಮ್ಮ."

"ಮಿಲ್ಟ್ರಿ ಕರ್ನಲ್ಲೇ ಗಾಬ್ರಿ ಬಿದ್ಮ್ಯಾಲೆ ನೀನೇನ್ಲಾ ಮಾಡೀಯ? ಎದ್ದು ಉಣ್ಣು ಬಾ."

ಸಮಸ್ಯೆ ಇಷ್ಟೇ. ಹೊಸ ಡಿಸ್ಕಿನ ಹೆಸರೇ ಬೇರೆ. ಹಳೆಯ ವ್ಯವಸ್ಥೆ ಹಳೆಯ ಹೆಸರು ಹಿಡಿದೇ ಕೂಗುತ್ತಿತ್ತು, ಹೊಸಬ ಓಗೊಡುತ್ತಿರಲಿಲ್ಲ. ಭಾನುವಾರ ಮಧ್ಯಾಹ್ನದವರೆಗೆ ಹೆಣಗಿ ಹೆಸರು ತಿದ್ದಿದ ಮೇಲೆ ಯಂತ್ರ ಎದ್ದಿತು. ಗೆದ್ದ ಹುರುಪಿನಲ್ಲಿ ಉಗ್ರಪ್ಪನವರು ಹಳೇ ಡಿಸ್ಕಿನ ತುಂಬ ಸೊನ್ನೆ ಬಳಿದು, ಇದ್ದದ್ದೆಲ್ಲ ಮತ್ತೆ ಸಿಗದಂತೆ ಒರೆಸಿಬಿಟ್ಟರು. ಹಳೆಯದನ್ನು ಬಾಣಾವರದ ಭಾವಮೈದನಿಗೆ ಕೊಡುವುದಿತ್ತು. ಆ ದಡ್ಡ ಅದಕ್ಕೂ ವಿಂಡೋಸ್ ಹಾಕುವವನೇ.

"ಬಾರೇ, ನಿನ್ನ ನಾಟಕ ತಗೋ!"

ಶಾಂತಾದೇವಿ ತನ್ನ ಹೆಸರು ಒತ್ತಿದಳು. ನಿಮ್ಮ ಹೋಮ್ ಎಲ್ಲೂ ಕಾಣುತ್ತಿಲ್ಲ ಎಂದಿತು ಯಂತ್ರ.

ಉಗ್ರಪ್ಪನವರ ಮುಖ ಹರಳೆಣ್ಣೆ ಕುಡಿದಂತಾಯಿತು. "ಹೋಮ್... ಬಿಟ್ಟೋಯ್ತು."

"ಅದ್ಕೇ ಮತ್ತೆ!" ಅನುಸೂಯಮ್ಮ ತೊಡೆ ತಟ್ಟಿದರು. "ಹೊಸ ಸಾಮಾನು ತಂದು ಹೋಮ ಬಿಟ್ರೆ ಇನ್ನೇನಾದಾತು? ಐನೋರ್ನ ಕರ್ಸು. ಕೊಬ್ರಿ, ತುಪ್ಪ ಮನೇಲೇ ಐತೆ."

"ಆ ಹೋಮ ಅಲ್ಲಮ್ಮ!"

"ಯಾವ್ದಾರ ಆಗ್ಲಿ, ಬಿಟ್ಟೆ ತಾನೆ?"

ಭೌತಶಾಸ್ತ್ರದ ಉಪನ್ಯಾಸಕರು ಸೀಡಿಗಳನ್ನು ಒಂದೊಂದಾಗಿ ಮತ್ತೆ ತಿರುವಿ ನೋಡಿದರು.

"ಹಳೇದ್ರಲ್ಲಿ ಇರತ್ತಲ್ಲ?" ಎಂದಳು ಶಾಂತಾದೇವಿ. ಗಂಡ ನೆಲ ನೋಡಿದ್ದರಲ್ಲೇ ಆಕೆಗೆ ತಿಳಿಯಿತು. ಮೊದಲು ಅಳು ಬಂತು, ಅದರ ಬೆನ್ನಿಗೇ ಸಿಟ್ಟು ಬಂತು. ಸೆರಗಿನಿಂದ ಕಣ್ಣೊರೆಸಿಕೊಂಡು ಕುರ್ಚಿ ತೋರಿಸಿದಳು.

"ಕೂತ್ಕೊಳ್ಳಿ. ಒಗ್ಗರಣೆ ಹಾಕ್ತಾ ಹಾಕ್ತಾ ಹೇಳ್ಕೊಂಡು ಬರೆದಿದ್ದು, ಪೂರ್ತಿ ಬಾಯಿಪಾಠ ಆಗಿದೆ. ನಾನು ಹೇಳ್ತೀನಿ, ನೀವು ಒತ್ತಿ."

ಹೆಂಗಸರ ನಾಟಕದಲ್ಲಿ ಅತ್ತೆಸೊಸೆ ಜಗಳ ಬಿಟ್ಟು ಇನ್ನೇನಿರುತ್ತದೆ ಎಂದು ಆರು ತಿಂಗಳಲ್ಲಿ ಒಂದು ಪುಟವನ್ನೂ ಓದದಿದ್ದ ಉಗ್ರಪ್ಪನವರು ತೆಪ್ಪಗೆ ಕುಳಿತರು.

"ದೃಶ್ಯ ಒಂದು. ನಡುಮನೆ. ಎಲ್ಲ ಬಲ್ಲೆನೆಂಬ ಗಂಡ ಎದೆ ಸೆಟೆಸಿಕೊಂಡು ಬರುತ್ತಾನೆ."

ಬೆರಳು ನಿಂತಿತು.

"ಒತ್ರೀ."

ಒತ್ತಿದರು. ನಾಟಕದ ಗಂಡ ಊರವರನ್ನೆಲ್ಲ ದಡ್ಡರೆಂದ. ಚಿಲಕ ರಿಪೇರಿಗೆ ಹೋಗಿ ಬಚ್ಚಲಲ್ಲಿ ತಾನೇ ಸಿಕ್ಕಿಕೊಂಡ. ಕೇಳುತ್ತಿದ್ದ ಅನುಸೂಯಮ್ಮನವರಿಗೆ ನಕ್ಕೂ ನಕ್ಕೂ ಎಲೆಅಡಿಕೆ ನೆತ್ತಿಗೇರಿತು. "ಥೇಟ್ ನಮ್ ಉಗ್ರನಂಗೇ ಅವ್ನೆ ಕಣೇ!"

"ಕಲ್ಪನೆ ಅತ್ತೆ, ಬರೀ ಕಲ್ಪನೆ," ಎಂದು ಸೊಸೆ ಮುಂದುವರಿಸಿದಳು. "ಕೊನೆಯ ದೃಶ್ಯ. ಗಂಡ ಹೆಂಡತಿಯ ನಾಟಕವನ್ನೆಲ್ಲ ಅಳಿಸಿಹಾಕಿ, ತಲೆ ಮೇಲೆ ಕೈ ಹೊತ್ತು ಕೂರುತ್ತಾನೆ."

ಉಗ್ರಪ್ಪನವರು ಗಕ್ಕನೆ ತಿರುಗಿದರು. "ಲೇ, ಇದು ಹಳೇದ್ರಲ್ಲಿ ಇರೋಕೆ ಹೆಂಗೆ ಸಾಧ್ಯ?"

"ಹಾರ್ಡ್‌ವೇರ್ ಬೇರೆ ಆಯ್ತಲ್ರೀ," ಎಂದಳು ಶಾಂತಾದೇವಿ. "ಸ್ವಲ್ಪ ವ್ಯತ್ಯಾಸ ಬಂದೇ ಬರುತ್ತೆ. ಒತ್ತಿ."