ಖಜೂರಿಯ ಕಟ್ಟೆಯ ಮೇಲೆ ನನ್ನ ಚೆಕ್‌ಪೋಸ್ಟು

ಕೊರೊನಾ ನಮ್ಮ ಮನೆಗೆ ಕಾಲಿಡುವುದಿಲ್ಲ ಎಂದು ನಾನು ಇಡೀ ಓಣಿಗೆ ಖಾತ್ರಿ ಕೊಟ್ಟಿದ್ದೆ. ಬರಬೇಕೆಂದರೆ ನನ್ನನ್ನು ದಾಟಿ ಬರಬೇಕಲ್ಲ! ನಮ್ಮ ಅತ್ತೆಯಂಥ ಅತ್ತೆಗೇ ನನ್ನನ್ನು ದಾಟಿ ಅಡುಗೆಮನೆಗೆ ಹೋಗಲು ಆಗಿರಲಿಲ್ಲ. ಕಣ್ಣಿಗೆ ಕಾಣದ ಹುಳ ಯಾವ ಲೆಕ್ಕ?

ನಮ್ಮೂರು ಖಜೂರಿ. ಮನೆ ಮುಂದಿನ ರಸ್ತೆ ನೆಟ್ಟಗೆ ಮಹಾರಾಷ್ಟ್ರಕ್ಕೆ ಹೋಗುತ್ತದೆ. ಹೋಗುವುದಾದರೆ ಹೋಗಲಿ, ಅದೇ ರಸ್ತೆ ವಾಪಸ್ಸೂ ಬರುತ್ತದೆ. ಆ ವರ್ಷ ದೂರದಲ್ಲಿ ಲಾರಿ ಹಾರ್ನ್ ಹೊಡೆದರೂ ಎದೆ ಧಸಕ್ಕೆನ್ನುತ್ತಿತ್ತು. ಟಿವಿಯಲ್ಲಿ ಸುಡುವ ಹೆಣ ತೋರಿಸುತ್ತಿದ್ದರು. ಊರಲ್ಲಿ ಸತ್ತವರ ಮನೆಗೆ ಹೋಗಿ ಅಳುವ ಹಾಗೂ ಇರಲಿಲ್ಲ. ಅಳುವುದಕ್ಕೂ ದೂರ ನಿಲ್ಲಬೇಕು ಎಂದರೆ ಅದೆಂಥ ಕಾಲ!

ನನಗೆ ನನ್ನ ಚಿಂತೆ ಇರಲಿಲ್ಲ. ನಮ್ಮ ಮುದುಕನದಿತ್ತು, ಅಂದರೆ ನನ್ನ ಗಂಡನದು. ಅವರಿಗೆ ದಮ್ಮು. ಮಳೆ ಮೋಡ ಕಂಡರೆ ಸಾಕು, ಎದೆಯಲ್ಲಿ ತಿದಿ ಊದಿದ ಹಾಗೆ ಸುಂಯ್ ಸುಂಯ್ ಎನ್ನುತ್ತದೆ. "ಅಜ್ಜಗ ಇದು ಹತ್ತಿದ್ರ ಕಷ್ಟ ಅದ" ಎಂದು ಡಾಕ್ಟರು ಹೇಳಿ ನೆಲ ನೋಡಿದ್ದರು. ನಾನು ಕಲಿತದ್ದು ಎರಡನೇ ಇಯತ್ತೆ. ಆದರೂ ಡಾಕ್ಟರು ನೆಲ ನೋಡಿದರೆ ಅರ್ಥ ಏನೆಂದು ತಿಳಿಯುತ್ತದೆ.

ಆವತ್ತೇ ಮನೆಯ ಆಡಳಿತ ಕೈಗೆ ತೆಗೆದುಕೊಂಡೆ. ಮಗ ಲಾರಿ ಓಡಿಸುತ್ತಾನೆ, ಅವನನ್ನು ಹೊಲದ ಗುಡಿಸಲಿಗೆ ಅಟ್ಟಿದೆ. ಸೊಸೆ ಶರಣಮ್ಮನಿಗೆ ಬಂದ ಸಾಮಾನೆಲ್ಲ ತೊಳೆಯುವ ಕೆಲಸ ಹಚ್ಚಿದೆ. ಉಳ್ಳಾಗಡ್ಡಿಗೂ ಸಾಬೂನು ಹಚ್ಚಿಸಿದೆ. ಆ ವರ್ಷ ನಮ್ಮ ಮನೆಯ ಸಾರಿನಲ್ಲಿ ನೊರೆ ಬರುತ್ತಿತ್ತು. ಮುದುಕನನ್ನು ಒಳಕೋಣೆಗೆ ಹಾಕಿ, ಹೊಸ್ತಿಲಾಚೆ ನಿಂತು ಊಟದ ತಾಟನ್ನು ಬಡಿಗೆಯಿಂದ ನೂಕುತ್ತಿದ್ದೆ.

"ನಾ ಏನ್ ಹುಲಿ ಏನ್ ಬೇ? ಬಡಿಗೀಲೆ ರೊಟ್ಟಿ ಕೊಡಾಕತ್ತೀ!" ಎಂದು ಮುದುಕ ಗುರ್ ಎಂದರು.

"ಹುಲಿ ಆಗಿದ್ರ ಅಂಜಿಕಿ ಇರಲಿಲ್ರಿ. ಸುಮ್ನ ತಿನ್ರಿ."

ಒಳಗಿನ ಬಂದೋಬಸ್ತು ಮುಗಿಯಿತು. ಇನ್ನು ಹೊರಗಿನದು. ಗಡಿಯಲ್ಲಿ ಪೊಲೀಸರು ಚೆಕ್‌ಪೋಸ್ಟು ಹಾಕಿದ್ದರು. ಆದರೆ ಅವರ ಮೇಲೆ ನನಗೆ ಭರವಸೆ ಇರಲಿಲ್ಲ. ಹುಡುಗರು, ಪಾಪ, ಮಧ್ಯಾಹ್ನ ನಿದ್ದೆ ಹೋಗುತ್ತಾರೆ. ಅದಕ್ಕೆ ನಮ್ಮ ಮನೆ ಮುಂದಿನ ಕಟ್ಟೆಯ ಮೇಲೆ ನನ್ನದೇ ಒಂದು ಹಾಕಿದೆ. ಬೆಳಿಗ್ಗೆ ರೊಟ್ಟಿ ಬಡಿದು, ಬಾಯಿಗೆ ಎಲೆ ತಂಬಾಕು ಹಾಕಿ ಕೂತರೆ ಹೊತ್ತು ಮುಳುಗುವವರೆಗೆ ಡ್ಯೂಟಿ. ತಂಬಾಕು ಉಗುಳಬೇಕಲ್ಲ, ಅದಕ್ಕೆ ಮಾಸ್ಕು ಕೊರಳಿಗೆ. ಒಬ್ಬನನ್ನೂ ವಿಚಾರಣೆ ಇಲ್ಲದೆ ಬಿಡಲಿಲ್ಲ!

"ಯಾರ್ಲೇ ಅದು? ಎಲ್ಲಿಂದ ಬಂದಿ?"

"ಮ್ಮ್... ಮ್ಮ್ ಮ್ಮ್..."

"ಬಾಯಾಗಿನ ಅರಬಿ ತಗದು ಹೇಳ್ಲೇ! ನನ್ನ ಕಿವಿ ಮಂದ ಅವ."

ಅವನು ಮಾಸ್ಕು ಗದ್ದಕ್ಕಿಳಿಸಿ ಮತ್ತೆ ಏನೋ ಅಂದ.

"ಕೇಳಸ್ವಲ್ದು, ಇನ್ನಾ ಹತ್ರ ಬಾ!"

ಅವನು ಬಂದು ನನ್ನ ಕಿವಿಯಲ್ಲೇ ಕೂಗಿದ: "ಸೋಲಾಪುರದಿಂದ್ರಿ ಆಯಿ!"

"ಸೋಲಾಪುರದಿಂದ? ದೂರ ನಿಂದ್ರಲೇ!"

ಎದುರು ಮನೆಯ ಚಾಂದಬೀ ತನ್ನ ಬಾಗಿಲಲ್ಲಿ ನಿಂತು ಇದನ್ನು ದಿನವೂ ನೋಡುತ್ತಿದ್ದಳು. ಸೆರಗನ್ನು ಮೂಗಿಗೆ ಸುತ್ತಿ, ಅಲ್ಲಿಂದಲೇ ಕೂಗುತ್ತಿದ್ದಳು.

"ಅಕ್ಕಾ, ಹತ್ರ ಕರದು ಆಮ್ಯಾಲ ದೂರ ಓಡಸ್ತೀಯಲ್ಲ, ಇದ್ಯಾವ ಕಾಯ್ದೆ?"

"ವಿಚಾರಣೆ ಅಂದ್ರ ಹಿಂಗೇ ಇರ್ತದ. ನಿನಗ ತಿಳಿಯಂಗಿಲ್ಲ, ಸುಮ್ನಿರು!"

"ಯಾ ಅಲ್ಲಾ, ಹಂಗಾರ ನಾ ಬಾಗಲಾ ಹಾಕ್ತೇನಿ ತಗೋ" ಎಂದು ಚಾಂದಬೀ ಬಾಗಿಲು ಹಾಕಿಕೊಂಡಳು. ನನ್ನ ಅಧಿಕಾರ ಕಂಡು ಅವಳಿಗೆ ಹೊಟ್ಟೆಕಿಚ್ಚು ಎಂದುಕೊಂಡೆ.

ಹೀಗಿರುವಾಗ ಮುದುಕ ಊಟ ಬಿಟ್ಟರು. ಒಂದು ರೊಟ್ಟಿಯಲ್ಲಿ ಅರ್ಧ ವಾಪಸ್ಸು ಬರತೊಡಗಿತು. ಕಾರಣ ನನಗೆ ಗೊತ್ತಿತ್ತು. ದೃಷ್ಟಿ! ರಸ್ತೆಯಲ್ಲಿ ಹೋಗುವವರೆಲ್ಲ "ಅಜ್ಜ ಇನ್ನಾ ಗಟ್ಟಿ ಇದ್ದಾನಲ್ಲ!" ಎಂದು ಹೇಳಿ ಹೋಗುತ್ತಿದ್ದರು. ಜನ ಪಟಪಟ ಉದುರುವ ಕಾಲದಲ್ಲಿ ಗಟ್ಟಿ ಇರುವವನ ಮೇಲೆ ಕಣ್ಣು ಬೀಳದೆ ಇರುತ್ತದೆಯೇ? ನನಗೂ ಮೈಕೈ ನೋಯುತ್ತಿತ್ತು. ಅದು ಕಟ್ಟೆಯ ಕಲ್ಲಿನ ದೆಸೆಯಿಂದ ಎಂದುಕೊಂಡೆ.

ಒಣ ಮೆಣಸಿನಕಾಯಿ, ಉಪ್ಪು, ಸಾಸಿವೆ, ಕಸಬರಿಗೆ ಕಡ್ಡಿ ಮುಷ್ಟಿಯಲ್ಲಿ ಹಿಡಿದು ಬಡಿಗೆ ಗಿಡಿಗೆ ಎಲ್ಲ ಮರೆತು ಒಳಕೋಣೆಗೇ ಹೋದೆ. ಮುದುಕನ ಮುಖಕ್ಕೆ ಮುಖ ಕೊಟ್ಟು ಕೂತು ದೃಷ್ಟಿ ಇಳಿಸಿದೆ. "ಹಾದವರ ಕಣ್ಣು, ಹೋದವರ ಕಣ್ಣು, ಲಾರಿಯವರ ಕಣ್ಣು, ಎದುರು ಮನೀಯವರ ಕಣ್ಣು..." ಮುದುಕ ಕೆನ್ನೆ ಉಬ್ಬಿಸಿ, ಕಣ್ಣು ಮುಚ್ಚಿ, ಕಲ್ಲಿನಂತೆ ಕೂತಿದ್ದರು. ಭಕ್ತಿ ಎಂದುಕೊಂಡೆ.

ದೃಷ್ಟಿಗೆ ಒಂದು ಪರೀಕ್ಷೆ ಇದೆ, ನಮ್ಮ ಕಡೆ ಕೂಸಿಗೂ ಗೊತ್ತು. ಆ ಮೆಣಸಿನಕಾಯಿಯನ್ನು ಒಲೆಗೆ ಹಾಕಬೇಕು. ಘಾಟು ಬಂದರೆ ದೃಷ್ಟಿ ಇರಲಿಲ್ಲ. ಘಾಟು ಬರದಿದ್ದರೆ ದೃಷ್ಟಿ ಇತ್ತು, ಸುಟ್ಟು ಹೋಯಿತು. ಒಲೆಗೆ ಹಾಕಿದೆ. ಮೆಣಸಿನಕಾಯಿ ಕರ್ರಗಾಗಿ ಸಿಡಿಯಿತು. ಮೂಗು ಮುಂದೆ ಮಾಡಿ ಎಳೆದೆ. ಘಾಟಿಲ್ಲ! ಇನ್ನೂ ಬಗ್ಗಿ ಎಳೆದೆ. ಏನೂ ಇಲ್ಲ!

"ನೋಡ್ರಿ, ನೋಡ್ರಿ! ಎಷ್ಟು ದೊಡ್ಡ ದೃಷ್ಟಿ ಇತ್ತು! ಒಂದಿಷ್ಟರ ಘಾಟ ಅದ ಏನ್?" ಎಂದು ಗೆದ್ದವಳ ಹಾಗೆ ತಿರುಗಿದೆ.

ಶರಣಮ್ಮ ಗೋಡೆ ಹಿಡಿದು ಕೆಮ್ಮುತ್ತಿದ್ದಳು. ಕಣ್ಣಲ್ಲಿ ಧಾರಾಕಾರ ನೀರು. ಒಳಕೋಣೆಯಲ್ಲಿ ಮುದುಕ ಕೆಮ್ಮುತ್ತಿದ್ದರು. ರಸ್ತೆಯಾಚೆ ಚಾಂದಬೀ ಕೆಮ್ಮುತ್ತಿದ್ದಳು. ಕಟ್ಟಿದ ಎಮ್ಮೆಯೂ ಸೀನಿತು.

ಕೆಮ್ಮು ನಿಲ್ಲಿಸಿ ಶರಣಮ್ಮ ನನ್ನನ್ನೇ ನೋಡಿದಳು. ಅವಳ ದನಿ ಸಣ್ಣದಾಗಿತ್ತು.

"ಅತ್ತೀ... ನಿಮಗ ಘಾಟ ಬರ್ವಲ್ದೇನ್ರಿ?"

ಬೆಳ್ಳುಳ್ಳಿ ಖಾರದ ಡಬ್ಬಿಗೆ ಮೂಗಿಟ್ಟೆ. ಇಲ್ಲ. ಸೀಮೆಎಣ್ಣೆ ಬಾಟಲಿಗೆ ಇಟ್ಟೆ. ಇಲ್ಲ. ಎಮ್ಮೆಯ ಗಂಜಲದ ಹತ್ತಿರ ಹೋಗಿ ಬಗ್ಗಿ ನಿಂತೆ. ಗುಲಾಬಿ ತೋಟದಲ್ಲಿ ನಿಂತರೂ ಅಷ್ಟೇ, ಅಲ್ಲಿ ನಿಂತರೂ ಅಷ್ಟೇ! ಮೂಗಿಗೆ ವಾಸನೆ ಬರದಿದ್ದರೆ ಅದೇ ಕೊರೊನಾ ಎಂದು ಟಿವಿಯಲ್ಲಿ ದಿನಾ ಬಡಿದುಕೊಳ್ಳುತ್ತಿದ್ದರು. ಆಗ ಸೆರಗು ಎಳೆದು ಬಾಯಿ ಮುಚ್ಚಿಕೊಂಡೆ. ನನಗೆ ಬಂದಿದೆ ಎಂದಲ್ಲ. ಈಗಷ್ಟೇ ನಾನು ಯಾರ ಮುಖದ ಮೇಲೆ ಬಾಯಿ ಬಿಟ್ಟು ಊದಿ ಬಂದೆ ಎಂದು!

ಆಸ್ಪತ್ರೆಯವರು ಬಂದು ಎಲ್ಲರ ಮೂಗಿಗೆ ಕಡ್ಡಿ ಹಾಕಿ ನೋಡಿದರು. ಮುದುಕನಿಗೆ ಇಲ್ಲ. ಸೊಸೆಗೆ ಇಲ್ಲ. ಲಾರಿ ಓಡಿಸುವ ಮಗನಿಗೂ ಇಲ್ಲ. ಕಟ್ಟೆ ಬಿಟ್ಟು ಕದಲದ ನನಗೆ ಬಂತು! "ಅಜ್ಜಗ ಇನ್ನಾ ಬರಬಹುದು, ಈಗೇ ಹೇಳಾಕ ಬರಂಗಿಲ್ಲ" ಎಂದರು ಬಂದವರು.

ಮುದುಕ ಹೊರಗೆ ಬಂದರು, ನಾನು ಒಳಕೋಣೆಗೆ ಹೋದೆ. ಅದೇ ತಾಟು, ಅದೇ ಬಡಿಗೆ. ನೂಕುವವರು ಮಾತ್ರ ಬೇರೆ.

"ಹುಲಿಗೆ ರೊಟ್ಟಿ ಬಂತು ನೋಡು!" ಎನ್ನುತ್ತಿದ್ದರು ಮುದುಕ.

ನನಗೆ ಜ್ವರವಿತ್ತು. ಆದರೆ ಜ್ವರಕ್ಕಿಂತ ಆ ಸುಂಯ್ ಸುಂಯ್‌ನ ಚಿಂತೆ ದೊಡ್ಡದು. ಅವರ ಉಸಿರು ಹೇಗಿದೆ ಎಂದು ಬಾಗಿಲಿಗೆ ಕಿವಿ ಹಚ್ಚುತ್ತಿದ್ದೆ. ನನ್ನ ಕಿವಿಗೆ ಏನು ಕೇಳಬೇಕು! ಕೊನೆಗೆ ನಾನೇ ಹೇಳಿದೆ.

"ರೀ, ದಿನಾ ಎದ್ದ ಕೂಡ್ಲೇ ಬಡಿಗೀಲೆ ಬಾಗಲಾ ಬಡೀರಿ. ನನಗ ಗೊತ್ತಾಗ್ಲಿ."

"ಏನ್ ಗೊತ್ತಾಗಬೇಕು?"

"ಬಡೀರಿ ಅಂದ್ರ ಬಡೀರಿ!"

ಅಂದಿನಿಂದ ಬೆಳಿಗ್ಗೆ ಠಕ್ ಎಂದ ಮೇಲೆಯೇ ನನ್ನ ಚಹಾ ಗಂಟಲಲ್ಲಿ ಇಳಿಯುತ್ತಿತ್ತು. ರುಚಿ ಇರಲಿಲ್ಲ ಬಿಡಿ.

ಒಂದು ಬೆಳಿಗ್ಗೆ ಠಕ್ ಬರಲಿಲ್ಲ.

ಕಿಟಕಿಯಲ್ಲಿ ಬಿಸಿಲು ಬಂತು. ಠಕ್ ಇಲ್ಲ. "ರೀ!" ಎಂದೆ. ಇಲ್ಲ. "ಶರಣೀ!" ಎಂದೆ. ಅವಳು ಎಮ್ಮೆ ಹೊಡೆದುಕೊಂಡು ಹೊಲಕ್ಕೆ ಹೋಗುವ ಹೊತ್ತು. ಡಾಕ್ಟರು ನೆಲ ನೋಡಿದ್ದು ಕಣ್ಣ ಮುಂದೆ ಬಂತು. ಕಾಯ್ದೆ ಕಾನೂನು ಯಾರಿಗೆ ಬೇಕು? ಚಿಲಕ ತೆಗೆದೆ. ಕೆದರಿದ ತಲೆ, ಮೈತುಂಬ ಕಂಬಳಿ, ಹಾಗೇ ಹೊರಗೆ ಬಂದೆ. ಪಡಸಾಲೆಯಲ್ಲಿ ಅವರ ಹಾಸಿಗೆ ಖಾಲಿ. ನನ್ನ ಕಾಲಿಗೆ ನಾನೇ ತೊಡರಿ ಬೀದಿಗೆ ಬಿದ್ದೆ.

ಮುದುಕ ಕಟ್ಟೆಯ ಮೇಲೆ ಕೂತಿದ್ದರು. ನನ್ನ ಜಾಗದಲ್ಲಿ! ಮಾಸ್ಕು ಮೂಗಿನ ಮೇಲಿತ್ತು. ಬಡಿಗೆಯನ್ನು ರಸ್ತೆಗೆ ಅಡ್ಡ ಚಾಚಿ, ಲಾರಿಯಿಂದಿಳಿದವನೊಬ್ಬನನ್ನು ಅಷ್ಟು ದೂರದಲ್ಲೇ ನಿಲ್ಲಿಸಿದ್ದರು.

"ಬಾಗಲಾ ಯಾಕ ಬಡೀಲಿಲ್ರೀ!" ಎಂದು ಚೀರಿದೆ.

"ಬಡಿಗಿ ಇಲ್ಲಿ ಬೇಕಾಗಿತ್ತು" ಎಂದರು. ತಕ್ಷಣ ಬಡಿಗೆ ನನ್ನ ಕಡೆ ತಿರುಗಿತು. "ಅಲ್ಲೇ ನಿಂದ್ರು! ಎಲ್ಲಿಂದ ಬಂದಿ?"

"ಒಳಕೋಣಿಯಿಂದ್ರಿ..."

"ಒಳಕೋಣಿಯಿಂದ? ದೂರ ನಿಂದ್ರ ಬೇ!"

ಬದುಕಿದ್ದರು. ಸುಂಯ್ ಎನ್ನದೆ ಗದರಿಸುತ್ತಿದ್ದರು. ಅಳಬೇಕೋ ಬೈಯಬೇಕೋ ತಿಳಿಯದೆ, "ನಾ ಮುಖದ ಮ್ಯಾಲ ಊದಿದ್ರೂ ನಿಮಗ ಹೆಂಗ ಬರಲಿಲ್ರಿ?" ಎಂದು ಕೇಳಿಬಿಟ್ಟೆ.

"ನೀ ದೃಷ್ಟಿ ತಗಿಯಾಗ ಉಸಿರೇ ಬಿಡ್ಲಿಲ್ಲ ನಾ. ನಿನ್ನ ತಂಬಾಕಿನ ನಾತ ಯಾರು ತಡೀಬೇಕು!"

ನನ್ನ ದೃಷ್ಟಿ, ನನ್ನ ಸಾಬೂನು, ನನ್ನ ಕಾವಲು ಯಾವುದೂ ಅಲ್ಲ. ಅವರನ್ನು ಉಳಿಸಿದ್ದು ನನ್ನ ಬಾಯಿಯ ನಾತ!

ಅಷ್ಟರಲ್ಲಿ ಲಾರಿಯವನು ನನ್ನನ್ನು ಸರಿಯಾಗಿ ನೋಡಿದ. ಒಂದೇ ನೆಗೆತಕ್ಕೆ ಒಳಗೆ ಹತ್ತಿ ಗಾಡಿಯನ್ನು ಹಿಂದಕ್ಕೆ ಹೊಡೆದ. ತರಕಾರಿಯವನು ತಳ್ಳುಗಾಡಿ ಬಿಟ್ಟು ಓಡಿದ. ಚಾಂದಬೀ "ಯಾ ಅಲ್ಲಾ!" ಎಂದು ಧಡಕ್ಕನೆ ಬಾಗಿಲು ಹಾಕಿಕೊಂಡಳು. ರಸ್ತೆಯಲ್ಲಿ ಒಂದು ನರಪಿಳ್ಳೆಯೂ ಉಳಿಯಲಿಲ್ಲ. ಅಷ್ಟು ಕಾಲ ಗಂಟಲು ಹರಿದುಕೊಂಡರೂ ಒಬ್ಬನನ್ನೂ ಹಿಡಿಯದ ನನ್ನ ಚೆಕ್‌ಪೋಸ್ಟು, ಆವತ್ತು ಕೊನೆಗೂ ಒಬ್ಬಳನ್ನು ಹಿಡಿದಿತ್ತು.