ಕಾಕಾನ ಫೈಲುಗಳಿಗೆ ನಾನು ಕೊಟ್ಟ ನಂಬರು

ನಮ್ಮ ಕಾಕಾನಿಗೆ ಮನುಷ್ಯರ ಹೆಸರೇ ನೆನಪಿರುವುದಿಲ್ಲ ಎಂದರೆ ಮೂಡಲಗಿಯಲ್ಲಿ ಯಾರೂ ನಂಬಲಿಕ್ಕಿಲ್ಲ. ತಹಶೀಲ್ದಾರ ಕಚೇರಿಯ ಎದುರಿಗಿರುವ ಅವನ ಟೈಪಿಂಗ್ ಅಂಗಡಿಗೆ ಬಂದು ಅರ್ಜಿ ಬರೆಸದ ಮನೆತನ ಸುತ್ತಲಿನ ಹಳ್ಳಿಗಳಲ್ಲಿ ವಿರಳ. ಆದರೂ ನನ್ನನ್ನು ಕರೆಯಬೇಕಾದರೆ ಅವನು ಮೂರು ಹೆಸರು ದಾಟಿ ನಾಲ್ಕನೆಯದಕ್ಕೆ ಬಂದು ಮುಟ್ಟುತ್ತಾನೆ. ನಾನೋ, ಅವನ ಅಣ್ಣನ ಒಬ್ಬಳೇ ಮಗಳು!

ಹಾಗಾಗಿ ಅವನ ಕಂಪ್ಯೂಟರಿನಲ್ಲಿ ಯಾವ ಅರ್ಜಿಗೂ ಅರ್ಜಿದಾರರ ಹೆಸರಿರಲಿಲ್ಲ. ಬಂದವರು ಆ ದಿನ ಅಂಗಡಿಯಲ್ಲಿ ಏನು ಮಾಡಿದರೋ ಅದೇ ಫೈಲಿನ ಹೆಸರು. ‘ಛತ್ರಿ ಮರತವ’, ‘ಎರಡ ಸಲ ಸಹಿ ಮಾಡಿದಾಕಿ’, ‘ಕುರಿ ಹೊರಗ ಕಟ್ಟಿ ಬಂದವ’. ಇದೆಂಥ ಪದ್ಧತಿ ಎಂದು ನಾನೊಮ್ಮೆ ಕೇಳಿದ್ದೆ.

“ಒಂದ ಓಣ್ಯಾಗ ನಾಕ ಮಂದಿ ಮಲ್ಲಪ್ಪ ಇರತಾರ. ಕುರಿ ಕಟ್ಟಿ ಬಂದವ ಒಬ್ಬನ,” ಅಂದ.

ಕೇಳಿದ ಅರ್ಜಿಯನ್ನು ಅವನು ಕ್ಷಣದಲ್ಲಿ ತೆಗೆದುಕೊಡುತ್ತಿದ್ದ ಎಂಬುದನ್ನೂ ಹೇಳಬೇಕು.

ಹಳೆಯ ಕಂಪ್ಯೂಟರು ಮಾತ್ರ ಎರಡು ಏಟು ಬೀಳದೆ ಚಾಲೂ ಆಗುತ್ತಿರಲಿಲ್ಲ. ನಾನು ಹುಕ್ಕೇರಿಯ ಕಚೇರಿಯೊಂದರಲ್ಲಿ ಬಂದ-ಹೋದ ಕಾಗದಗಳ ಆವಕ-ಜಾವಕ ಬರೆಯುವ ಗುಮಾಸ್ತೆ. ಗೋಕಾಕದಿಂದ ಬಿಡಿಭಾಗ ತಂದು, ಎರಡು ರವಿವಾರ ಕೂತು ಹೊಸದೊಂದನ್ನು ಜೋಡಿಸಿಕೊಟ್ಟೆ. ಫೈಲುಗಳನ್ನೆಲ್ಲ ಒಟ್ಟಿಗೆ ಆರಿಸಿ ಸಾಗಿಸಲು ಹೊರಟಾಗ ಕಾಕಾ ನನ್ನ ಕೈ ಹಿಡಿದ.

“ಎಲ್ಲಾರನ್ನೂ ಒಮ್ಮೆಲೆ ಹತ್ತಸಬ್ಯಾಡ. ಮುದುಕೇರು, ಬಸರ ಹೆಣಮಕ್ಕಳು ಅದಾರ ಅದರಾಗ.”

“ಕಾಕಾ, ಇವು ಫೈಲ್.”

“ನಿನಗ ಫೈಲ್.”

ಹತ್ತತ್ತರಂತೆ ಕಳಿಸಿದೆವು. ಊಟದ ಹೊತ್ತಿಗೆ ಕಾಕಾ ಎದ್ದು ಹೋದ. ಆಗ ನನ್ನೊಳಗಿನ ಗುಮಾಸ್ತೆ ಜಾಗೃತಳಾದಳು. ಹೊಸ ಮನೆಗೆ ಬಂದ ಮೇಲೂ ಇದೇ ಅವ್ಯವಸ್ಥೆಯೇ ಎಂದುಕೊಂಡು, ಮೇಲಿನಿಂದ ಕೆಳಗಿನವರೆಗೆ ಎಲ್ಲ ಹೆಸರು ಅಳಿಸಿ ಒಂದು, ಎರಡು, ಮೂರು ಎಂದು ನಂಬರು ಕೊಟ್ಟುಬಿಟ್ಟೆ. ಪರದೆ ಕಚೇರಿಯ ರಜಿಸ್ಟರಿನಷ್ಟು ಅಚ್ಚುಕಟ್ಟಾಯಿತು. ಮರುದಿನ ಸೋಮವಾರ ನಾನು ರಜೆ ಹಾಕಿ ಅಲ್ಲೇ ಉಳಿದಿದ್ದೆ; ಹಳೆಯ ಕಂಪ್ಯೂಟರು ನಾಲ್ಕು ಏಟು ಬಿದ್ದರೂ ಕಣ್ಣು ಬಿಡಲಿಲ್ಲ.

ಅಂದೇ ಬೆಳಿಗ್ಗೆ ಕಲ್ಲೋಳಿಯಿಂದ ಒಬ್ಬ ಅಜ್ಜಿ ಬಂದಳು. ಅವಳ ಮನೆಯ ಉತಾರದಲ್ಲಿ, ಅಂದರೆ ಹಕ್ಕಿನ ದಾಖಲೆಯಲ್ಲಿ, ಬೇರೆಯವರ ಹೆಸರು ಸೇರಿತ್ತು. ಅದಕ್ಕೆ ತಕರಾರು ಅರ್ಜಿಯನ್ನು ಕಾಕಾನ ಹತ್ತಿರವೇ ಬರೆಸಿ ಕೊಟ್ಟಿದ್ದಳು. ಈಗ ಕಚೇರಿಯವರು ಅಂಥ ಅರ್ಜಿಯೇ ಬಂದಿಲ್ಲ ಎನ್ನುತ್ತಿದ್ದಾರೆ. ಅವಳ ಪ್ರತಿ ಕಳೆದಿದೆ. ಮರುದಿನವೇ ವಿಚಾರಣೆ.

“ನಂಬರ್ ತೋರಸಿದರ ಹುಡುಕತೇವಿ ಅಂದಾರ್ರಿ. ಇಲ್ಲಂದ್ರ ಮನಿ ಹೋದಂಗ,” ಎಂದಳು.

ಅರ್ಜಿ ತಲುಪಿಸಿ ಬಂದವರಿಂದ ಸ್ವೀಕೃತಿ ನಂಬರು ಕೇಳಿ ಫೈಲಿನ ಕೆಳಗೆ ಬರೆದಿಟ್ಟುಕೊಳ್ಳುವುದು ಕಾಕಾನ ಇನ್ನೊಂದು ಹುಚ್ಚು. ಅವನು ಧೈರ್ಯವಾಗಿ ಹೊಸ ಕಂಪ್ಯೂಟರಿನ ಮುಂದೆ ಕೂತ. ಪರದೆಯ ತುಂಬ ನಂಬರು. ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿದ.

“ಮಂದಿ ಎಲ್ಲಿ ಹೋದರು?” ಎಂದು ಕೇಳಿದ.

ಬೈದಿದ್ದರೆ ಚೆನ್ನಾಗಿತ್ತು. ನನಗೆ ಅಳುವೇ ಬಂತು. ಹಳೆಯ ಫಾಂಟಿನ ಅಕ್ಷರಗಳಾದ್ದರಿಂದ ಅಜ್ಜಿಯ ಹೆಸರು ಹಾಕಿ ಹುಡುಕಿದರೂ ಏನೂ ಸಿಗುವಂತಿರಲಿಲ್ಲ. ಒಂದೊಂದನ್ನೇ ತೆರೆಯುವುದೊಂದೇ ದಾರಿ. ಒಂದನೇ ನಂಬರು ತೆರೆದ ಕಾಕಾ ಓದದೆಯೇ ಮುಚ್ಚಿದ. “ಇದಲ್ಲ,” ಎಂದಷ್ಟೇ ಹೇಳಿದ. ಎರಡನೆಯದರಿಂದ ಶುರುವಾಯಿತು. ನಾಲ್ಕು ಸಾಲು ಓದುತ್ತಲೇ “ಇಂವಾ ಛತ್ರಿ ಮರತವ” ಎನ್ನುವನು. ನಾನು ನಂಬರು ಅಳಿಸಿ ಹೆಸರು ಬರೆಯುವೆನು. ಅಜ್ಜಿ ಬಾಗಿಲ ಬಳಿ ಕೂತು, ಛತ್ರಿ ಕಡೆಗೆ ಸಿಕ್ಕಿತೇ ಎಂದು ವಿಚಾರಿಸುವಳು. ಮಧ್ಯಾಹ್ನದ ಊಟ ಯಾರಿಗೂ ನೆನಪಾಗಲಿಲ್ಲ.

ಬಿಸಿಲು ಇಳಿಯುವಾಗ ಕಾಕಾ ಕುರ್ಚಿಯಿಂದ ಎದ್ದೇಬಿಟ್ಟ.

“ಚಹಾ ಅರ್ಧಾ ಬಿಟ್ಟಾಕಿ!”

ಅಜ್ಜಿ ಬಾಯಿಗೆ ಸೆರಗು ಹಚ್ಚಿಕೊಂಡಳು. “ಬಸ್ ಬಂದಿತ್ತೋ ತಮ್ಮಾ. ಅದನ್ನೂ ಬರದ ಇಟ್ಟೀಯೇನ?”

ಸ್ವೀಕೃತಿ ನಂಬರು ಅರ್ಜಿಯ ಕೆಳಗೇ ಇತ್ತು. ಪ್ರಿಂಟು ತೆಗೆದುಕೊಟ್ಟೆವು. ಅಂದು ಅವಳು ಪೂರ್ತಿ ಚಹಾ ಕುಡಿದು, ಬಸ್ಸು ಬಿಟ್ಟು, ಮುಂದಿನ ಬಸ್ಸಿಗೆ ಹೋದಳು.

ಉಳಿದವರಿಗೂ ಹೆಸರು ಹಚ್ಚಲು ಕೂತಾಗ ನಾನು ಒಂದನೇ ನಂಬರು ತೆರೆದೆ. ಮರಣ ಪ್ರಮಾಣಪತ್ರಕ್ಕೆ ಅರ್ಜಿ. ತೀರಿಕೊಂಡವರ ಹೆಸರು ಎಂಬಲ್ಲಿ ನನ್ನ ಅಪ್ಪನ ಹೆಸರಿತ್ತು. ಅರ್ಜಿದಾರ, ತಮ್ಮ. ಆಗ ನೆನಪಾಯಿತು: ಈ ಫೈಲಿಗೆ ಮೊದಲು ಬರೀ ಒಂದು ಅಡ್ಡಗೆರೆ ಇತ್ತು. ಎಲ್ಲಕ್ಕಿಂತ ಮೇಲೆ ಕೂತಿದ್ದರಿಂದ ಅದಕ್ಕೇ ಒಂದನೇ ನಂಬರು ಕೊಟ್ಟಿದ್ದೆ.

“ಕಾಕಾ, ಅಪ್ಪಗ ಯಾಕ ಹೆಸರ ಇಟ್ಟಿಲ್ಲ?”

ಅವನು ಬಾಗಿಲ ಕಡೆ ನೋಡುತ್ತ ಕೂತಿದ್ದ.

“ಎಲ್ಲಾರೂ ಬಂದು, ಇಲ್ಲೆ ಕುಂತು, ಏನರೆ ಮಾಡಿ ಹೋಗ್ಯಾರ. ಅಣ್ಣ ಬರಲಿಲ್ಲಲಾ. ಅವತ್ತ ನಾ ಒಬ್ಬನ ಇದ್ದೆ.”

ನಂಬರು ಅಳಿಸಿ ಆ ಗೆರೆಯನ್ನು ಮತ್ತೆ ಹಾಕಿದೆ. ಕಾಕಾ ಅದನ್ನು ನೋಡಿದ. ಆಮೇಲೆ ಮೊದಲ ಸಲಕ್ಕೇ ಸರಿಯಾಗಿ ನನ್ನ ಹೆಸರು ಹಿಡಿದು ಕರೆದು, ಎರಡು ಚಹಾ ಹೇಳಿ ಬಾ ಎಂದ.