ಪಂಕಜಕ್ಕನ ಕಾರಿನ ತಳ

“ತುಕ್ಕು ಅಂದ್ರೇನು? ಗಾಳಿ ಕುಡಿದು ಕೆಟ್ಟುಹೋದ ಕಬ್ಬಿಣ! ಕುಡಿದದ್ದನ್ನ ಕಕ್ಕಿಸಿದ್ರೆ ಮತ್ತೆ ಮರ್ಯಾದಸ್ಥ ಕಬ್ಬಿಣ!” ಎಂದು ನಮ್ಮ ಮರಿಸ್ವಾಮಿ ಭಾವ ಘೋಷಿಸಿದರು. ಅವರ ಕೈಯಲ್ಲಿ ಜರಿಹುಳುವಿನಂಥ ಮೊಳದುದ್ದದ ಯಂತ್ರವೊಂದು ಕಾಲಾಡಿಸುತ್ತಿತ್ತು. ಅದರ ಹೆಸರು ತುಕ್ಕುಭಕ್ಷಕ!

ಪ್ರೇಕ್ಷಕರು ಇಬ್ಬರೇ. ಒಬ್ಬಳು ಅವರ ಹೆಂಡತಿ, ಅಂದರೆ ನನ್ನಕ್ಕ ಪಂಕಜಾಕ್ಷಿ. ಇನ್ನೊಬ್ಬ, ಮೈಸೂರಿನಲ್ಲಿ ಅಷ್ಟೊಂದು ಬಡಾವಣೆಗಳಿದ್ದರೂ ಹುಡುಕಿ ಹುಡುಕಿ ಅವರ ಪಕ್ಕದ ಮನೆಯನ್ನೇ ಹಿಡಿದ ಬುದ್ಧಿವಂತನಾದ ನಾನು.

ಎದುರಿಗೆ ನಿಂತಿದ್ದದ್ದು ನಮ್ಮಪ್ಪನ ಕಾಲದ ಅಂಬಾಸಿಡರ್. ಅಕ್ಕ ಕಾರು ಓಡಿಸಲು ಕಲಿತದ್ದೇ ಅದರಲ್ಲಿ. ಭಾನುವಾರ ನಡೆಯುವ ಹಳೆ ಕಾರುಗಳ ಮೆರವಣಿಗೆಯಲ್ಲಿ ಅದನ್ನು ಓಡಿಸಬೇಕೆಂಬುದು ಅವಳ ಬಹುದಿನದ ಆಸೆ. ಹೊರಗಿನಿಂದ ನೋಡಿದರೆ ಮದುಮಗಳು. ಒಳಗೆ ಮ್ಯಾಟ್ ಎತ್ತಿದರೆ ಮಾತ್ರ ರಸ್ತೆ ಕಾಣುತ್ತಿತ್ತು.

“ಟಿಂಕರಿಂಗ್‌ನವ್ರಿಗೆ ಕೊಟ್ಟಿದ್ರೆ ಕೊಳೆತದ್ದನ್ನ ಕತ್ತರಿಸಿ ಹೊಸ ತಗಡು ವೆಲ್ಡ್ ಮಾಡಿ ಕೊಡೋರು,” ಎಂದಳು ಅಕ್ಕ.

“ತೇಪೆ ಹಾಕೋಕೆ ವಿಜ್ಞಾನ ಬೇಕಾ ಪಂಕಜ?”

“ಬೇಡ ಅಂತಾನೇ ರೀ ನಾನೂ ಹೇಳ್ತಿರೋದು!”

ಭಾವ ತುಕ್ಕು ಹಿಡಿದ ಕುಡುಗೋಲೊಂದನ್ನು ಯಂತ್ರದ ಬಾಯಿಗಿಟ್ಟರು. ಕರಕರ ಸದ್ದು. ಹಿಂದಿನಿಂದ ಹೊರಬಿದ್ದ ಕುಡುಗೋಲು ಕನ್ನಡಿಯಂತೆ ಹೊಳೆಯಿತು! ನಾವಿಬ್ಬರೂ ಚಪ್ಪಾಳೆ ತಟ್ಟಿಬಿಟ್ಟೆವು. ಭಾವನ ಸಂಶೋಧನೆಗಳ ಇತಿಹಾಸದಲ್ಲಿ ಅಂಥ ಸದ್ದು ಅದೇ ಮೊದಲು.

ಯಂತ್ರ ಕಾರಿನಡಿ ನುಸುಳಿತು. ಸ್ವಲ್ಪ ಹೊತ್ತಿಗೆ ದಢಾರನೆ ಮುಂದಿನ ಸೀಟು ನೆಲಕ್ಕೆ ಬಿತ್ತು.

“ಭಾವ, ಕಾರಿಗೆ ತಳವೇ ಇಲ್ಲ!” ಎಂದು ಕೂಗಿದೆ.

“ಇದ್ದದ್ದೆಲ್ಲ ಬರೀ ತುಕ್ಕು ಅಂತ ಸಾಬೀತಾಯ್ತಲ್ಲ! ಈಗ ಅದನ್ನೇ ಕಬ್ಬಿಣ ಮಾಡಿ ಹೊಸ ತಳ ನೇಯುತ್ತೆ. ಸಾಲದೇ ಬಂದ್ರೆ ಸುತ್ತಮುತ್ತ ಹುಡುಕ್ಕೊಳ್ಳುತ್ತೆ. ಸ್ವಾವಲಂಬಿ ಯಂತ್ರ!”

ಸಾಲದೇ ಬಂತು. ಸ್ವಾವಲಂಬಿಯು ಮೊದಲು ನಮ್ಮ ಮನೆಯ ಗೇಟು ತಿಂದಿತು. ಆಮೇಲೆ ಅಕ್ಕನ ಅಡುಗೆಮನೆಗೆ ನುಗ್ಗಿ ದೋಸೆ ಕಾವಲಿಯನ್ನು ಮುಗಿಸಿತು.

“ನನ್ನ ಕಾವಲಿಯಲ್ಲಿ ತುಕ್ಕೆಲ್ಲಿತ್ರೀ?”

“ಅದು ತುಕ್ಕೋ ಜಿಡ್ಡೋ ಅಂತ ಯಂತ್ರಕ್ಕೆ ಗೊಂದಲ ಆಗಿರ್ಬೇಕು. ನನಗೂ ಎಷ್ಟೋ ಸಲ ಆಗಿದೆ.”

ಅಕ್ಕ ನೋಡಿದ ನೋಟಕ್ಕೆ ಭಾವ ಕಾರಿನ ಹಿಂದೆ ಸರಿದರು.

ಸಂಜೆಗೆ ತಳವೇನೋ ಫಳಫಳ ಹೊಳೆಯಿತು. ಯಂತ್ರ ಮಾತ್ರ ಕಾಣಲಿಲ್ಲ. ಅದು ನೇಯುತ್ತಾ ನೇಯುತ್ತಾ ತನ್ನನ್ನೂ ತಳದೊಳಗೇ ನೇಯ್ದುಕೊಂಡಿತ್ತು. “ಒಳಗಿದ್ರೆ ಒಳ್ಳೇದೇ, ಇನ್ಮೇಲೆ ತುಕ್ಕಿನ ಭಯವಿಲ್ಲ,” ಎಂದರು ಭಾವ.

ಭಾನುವಾರ ಅಕ್ಕ ರೇಷ್ಮೆ ಸೀರೆಯುಟ್ಟು ಸ್ಟೇರಿಂಗ್ ಹಿಡಿದಳು. ಪಕ್ಕದಲ್ಲಿ ಭಾವ, ಹಿಂದೆ ನಾನು. “ಅಪ್ಪ ಇರ್ಬೇಕಿತ್ತು ಕಣೋ,” ಎಂದಳು ಮೆಲ್ಲಗೆ. ಅಷ್ಟರಲ್ಲಿ ಪೊಲೀಸ್ ಠಾಣೆ ಬಂತು.

ಠಾಣೆಯ ಮುಂದೆ, ಯಾವ್ಯಾವುದೋ ಕೇಸಿನಲ್ಲಿ ಜಪ್ತಿಯಾದ ವಾಹನಗಳು ವರ್ಷಗಟ್ಟಲೆಯಿಂದ ತುಕ್ಕು ಹಿಡಿದು ಬಿದ್ದಿದ್ದವು. ನಮ್ಮ ಕಾಲಡಿ ಕರಕರ ಸದ್ದಾಯಿತು. ಲಾರಿಯೊಂದರ ಅಸ್ಥಿಪಂಜರ ಅಲುಗಾಡಿ ನಮ್ಮತ್ತ ತೆವಳತೊಡಗಿತು!

“ರೀ, ನಿಲ್ಸಿ ಅದನ್ನ!”

“ಸ್ವಿಚ್ಚು ಅದರ ಬೆನ್ನ ಮೇಲಿದೆ!”

“ಬೆನ್ನು ಎಲ್ಲಿದೆ?”

“ನೀನು ಕಾಲಿಟ್ಟಿದ್ದೀಯಲ್ಲ, ಅದರ ಕೆಳಗೆ!”

ಲಾರಿ, ಜೀಪು, ಆಟೋ, ಮೊಪೆಡ್ಡುಗಳನ್ನು ಯಂತ್ರ ಸಾರು ಕುಡಿದಂತೆ ಸೊರಸೊರ ಹೀರಿತು. ಕೊನೆಗೆ ಸ್ಕೂಟರೊಂದು ಹ್ಯಾಂಡಲ್ ಆಡಿಸುತ್ತಾ ಒಳಗೆ ಹೋಯಿತು. ತಳ ದಪ್ಪವಾಗಿ ದಪ್ಪವಾಗಿ ನಾವು ಠಾಣೆಯ ಕಿಟಕಿಯೆತ್ತರಕ್ಕೆ ಏರಿದ್ದೆವು! ಹೊಟ್ಟೆ ತುಂಬಿದ ಯಂತ್ರ ಒಂದು ತೇಗು ತೇಗಿ ಶಾಶ್ವತವಾಗಿ ತೆಪ್ಪಗಾಯಿತು.

ಇನ್‌ಸ್ಪೆಕ್ಟರ್ ಟೀ ಲೋಟ ಹಿಡಿದೇ ಓಡಿಬಂದರು. “ಕಳ್ಳತನದ ಕೇಸು, ಮರಳಿನ ಕೇಸು, ಆಕ್ಸಿಡೆಂಟ್ ಕೇಸು... ಸಾಕ್ಷ್ಯ ಎಲ್ಲಾ ಎಲ್ರೀ?”

ಭಾವ ಹೆಮ್ಮೆಯಿಂದ ಕೆಳಗೆ ಬೆರಳು ತೋರಿಸಿದರು. “ಎಲ್ಲಾ ಭದ್ರವಾಗಿದೆ ಸಾರ್! ಒಂದು ಚೂರೂ ತುಕ್ಕಿಲ್ಲ, ಬೇಕಾದ್ರೆ ಮುಟ್ಟಿ ನೋಡಿ!”

ಕಾರು ಜಪ್ತಿಯಾಯಿತು. ಈಗ ಯಾವ ಕೇಸು ಕೂಗಿದರೂ ನ್ಯಾಯಾಲಯಕ್ಕೆ ಹಾಜರಾಗಬೇಕಾದ ಸಾಕ್ಷ್ಯ ಅದೊಂದೇ. ಕ್ರೇನಿಗೆ ಅದು ಜಗ್ಗುವುದಿಲ್ಲ, ಪೊಲೀಸ್ ಡ್ರೈವರಿಗೆ ಸ್ಟಾರ್ಟ್ ಆಗುವುದಿಲ್ಲ. ಅಕ್ಕ ಕೀಲಿ ತಿರುಗಿಸಿದರೆ ಮಾತ್ರ ಸಾಧು ಹಸುವಿನಂತೆ ಹೊರಡುತ್ತದೆ. ಹಾಗಾಗಿ ಅವಳೇ ಓಡಿಸಬೇಕೆಂದು ನ್ಯಾಯಾಧೀಶರ ಆಜ್ಞೆಯಾಗಿದೆ. ಮುಂದೊಂದು ಜೀಪು, ಹಿಂದೊಂದು ಜೀಪು, ಬೀದಿಯಿಡೀ ನಿಂತು ನೋಡುವ ಜನ. ಅಕ್ಕ ನಗುನಗುತ್ತಾ ಕೈ ಬೀಸುತ್ತಾಳೆ. ಹಳೆ ಕಾರುಗಳ ಮೆರವಣಿಗೆ ಒಂದೇ ದಿನದ್ದು. ಕೋರ್ಟಿನ ಕೇಸುಗಳು ಹಾಗೆಲ್ಲ ಆತುರ ಪಡುವುದಿಲ್ಲ.

ಭಾವನವರೂ ಪ್ರತಿ ಸಲ ಜೊತೆಗೆ ಹೋಗುತ್ತಾರೆ. ಮುಂದಿನ ಸೀಟಿನಲ್ಲಲ್ಲ. ಆರೋಪಿಯಲ್ಲವೇ, ಹಿಂದೆ, ಇಬ್ಬರು ಪೇದೆಗಳ ನಡುವೆ.